ಇನ್ನು ಗುಂಡಿ ಒತ್ತುವುದಿಲ್ಲ

ಮಕ್ಕಳ ವಾರ್ಡು, ಮೂರನೆಯ ಮಹಡಿ
ಕಿಟಕಿ ಪಕ್ಕದ ಹಾಸಿಗೆ
ಗುರುವಾರ, ಮಧ್ಯಾಹ್ನದ ಊಟ ಆದಮೇಲೆ

ಪ್ರೀತಿಯ ಸೊಸೆಯೇ,

ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಮಿಕ್ಕ ಕುಶಲವನ್ನೆಲ್ಲ ಆಮೇಲೆ ವಿಚಾರಿಸುತ್ತೇನೆ, ಮೊದಲು ಇದನ್ನು ಹೇಳು. ನೀನು ಫೋನು ಆರಿಸಿ ಬೀರುವಿನಲ್ಲಿ ಇಟ್ಟಿದ್ದೀಯಂತೆ, ಕುಕ್ಕರ್ ಕೂಗಿದರೂ ಹಾರಿ ಎದ್ದು ಕೂರುತ್ತೀಯಂತೆ, ನಿನ್ನ ಅತ್ತಿಗೆ ಪಾಪ ಈಗ ಎಲ್ಲವನ್ನೂ ಪಾತ್ರೆಯಲ್ಲೇ ಬೇಯಿಸುತ್ತಿದ್ದಾಳಂತೆ. ನಿನ್ನ ಅಣ್ಣ ಹೇಳಿದ. ಆ ಅತ್ತಿಗೆಗೆ ನನ್ನ ಪರವಾಗಿ ಒಂದು ಒಳ್ಳೆಯ ಮಾತು ಹೇಳು. ಕಾಗದ ಕೂಗುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿನಗೆ ಬೇಕಾದಾಗ ತೆಗೆದು ಓದು, ಬೇಡವಾದಾಗ ಮಡಿಸಿಡು.

ಈ ಆಸ್ಪತ್ರೆಗೆ ಮಗುವನ್ನು ಸೇರಿಸಿದ ದಿನ ನಿಮಗೆ ಏನೇನು ಕೊಡುತ್ತೇವೆ ಅಂದರು, ಏನೇನು ಕೊಡಲಿಲ್ಲ, ಅದನ್ನು ಮೊದಲು ಬರೆದುಬಿಡುತ್ತೇನೆ. ಮಗುವಿನ ಜೊತೆ ಇರುವವರಿಗೆ, ಬಿಚ್ಚಿದರೆ ಮಂಚವಾಗುವಂಥ ಕುರ್ಚಿ ಅಂದರು. ಕೊಟ್ಟದ್ದು ಪ್ಲಾಸ್ಟಿಕ್ ಕುರ್ಚಿ, ಅದರದೂ ಒಂದು ಕಾಲು ಕುಂಟು. ಹಗಲಲ್ಲಿ ಸ್ವಲ್ಪ ಹೊತ್ತು ಬೆನ್ನು ಚಾಚಲು ಪೋಷಕರ ವಿಶ್ರಾಂತಿ ಕೋಣೆ ಅಂದರು. ಕೋಣೆ ಇದೆ, ಬಾಗಿಲ ಮೇಲೆ ಬೋರ್ಡೂ ಇದೆ, ಒಳಗೆ ವಿಶ್ರಾಂತಿ ಪಡೆಯುತ್ತಿದ್ದದ್ದು ಮುರಿದ ಮಂಚಗಳು. ಔಷಧಿಯ ಪಂಪು ಕೂಗಿದರೆ ನರ್ಸ್ ಬಂದು ನೋಡುತ್ತಾಳೆ ಅಂದರು. ಇಡೀ ವಾರ್ಡಿಗೆ ಒಬ್ಬಳು ನರ್ಸ್, ಅವಳಿಗೂ ಎರಡೇ ಕಾಲು. ವಾರಕ್ಕೊಮ್ಮೆ ತಂದೆತಾಯಿಯರನ್ನು ಕೂರಿಸಿಕೊಂಡು ಕಷ್ಟಸುಖ ಕೇಳಲು ಒಬ್ಬರು ಬರುತ್ತಾರೆ ಅಂದರು. ಆ ಪುಣ್ಯಾತ್ಮರು ಇನ್ನೂ ದಾರಿಯಲ್ಲಿದ್ದಾರೆ. ಇಷ್ಟನ್ನೂ ಕೊಡದೆ ಉಳಿಸಿಕೊಂಡು ಬದಲಿಗೆ ನಿನಗೊಂದು ಬಿರುದು ಕೊಟ್ಟರು: ತಾಯಿ ಅಂದರೆ ದೇವತೆ. ನಾನು ಕೂತು ಯೋಚಿಸಿದೆ. ದೇವತೆಗೆ ನಿದ್ದೆ ಬೇಡ, ಹೊತ್ತಿಗೆ ಊಟ ಬೇಡ, ನೆಟ್ಟಗಿರುವ ಕುರ್ಚಿಯೂ ಬೇಡ. ಕೊಡುವವರಿಗೆ ಬಹಳ ಅಗ್ಗದ ಬಿರುದು ಅದು.

ನೀನು ಹೋಗುವಾಗ ಲಿಫ್ಟಿನ ಬಾಗಿಲಲ್ಲಿ ನಿಂತು ಗಂಡನಿಗೆ ಒಂದು ಮಾತು ಹೇಳಿದೆಯಂತೆ. "ಇನ್ನು ನನ್ನ ಕೈಗೆ ಮಗು ಕೊಡಬೇಡಿ, ನನ್ನಿಂದ ಆಗಲ್ಲ." ಹೆತ್ತ ತಾಯಿ ಹಾಗೆ ಹೇಳಿ ಅಣ್ಣನ ಮನೆ ಸೇರಿ ಹದಿನೈದು ದಿನದ ಮೇಲಾಯಿತು. ನಾನು ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಕ್ಷಮಿಸಲೂ ಬರೆಯುತ್ತಿಲ್ಲ, ಕ್ಷಮಿಸುವಂಥದ್ದು ನಿನ್ನ ಕಡೆ ಏನೂ ಇಲ್ಲ. ಆ ಮಾತನ್ನು ನೀನು ವಾಪಸು ತೆಗೆದುಕೊಳ್ಳಬೇಕು, ಅಷ್ಟಕ್ಕೇ ಈ ಕಾಗದ. ಯಾಕೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ಅವಸರ ಮಾಡಬೇಡ, ಕಾಲು ನೀಡಿಕೊಂಡು ಕೂತು ಓದು.

ಮೊದಲು ಮಗುವಿನ ಸಮಾಚಾರ. ನಮ್ಮ ಜೀರುಂಡೆ ಚೆನ್ನಾಗಿದೆ. ಜ್ವರ ಇಳಿದಿದೆ, ಔಷಧಿ ಹರಿಯುವ ಹೊಸ ಲೈನ್ ಸರಿಯಾಗಿ ಕೂತಿದೆ, ಬಾಯಿಯ ಹುಣ್ಣು ಮಾಯುತ್ತಿದೆ. ಮಾಯುತ್ತಿದೆ ಅನ್ನುವುದು ನನಗೆ ಗೊತ್ತಾದದ್ದು ಡಾಕ್ಟರಮ್ಮನಿಂದ ಅಲ್ಲ, ಅದು ಮತ್ತೆ ಬಾಯಿ ಮುಚ್ಚದೆ ಕಿರಿಗುಟ್ಟಲು ಶುರು ಮಾಡಿದ್ದರಿಂದ. ಇಸ್ಪೀಟಿನಲ್ಲಿ ನನಗೆ ಮೋಸ ಮಾಡುತ್ತದೆ. ರಾಣಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟು "ಅಜ್ಜಿ, ರಾಣಿಗೆ ಸುಸ್ತಾಗಿತ್ತು, ಮಲಗಿಸಿದೆ" ಅನ್ನುತ್ತದೆ. ಮಗು ನಿನ್ನನ್ನು ನೆನೆದು ಅಳುತ್ತಿದೆ, ಊಟ ಬಿಟ್ಟಿದೆ, ಬೇಗ ಬಾ ಅಂತ ಬರೆದರೆ ನೀನು ಇವತ್ತೇ ಓಡಿ ಬರುತ್ತೀಯ, ಗೊತ್ತು. ಆದರೆ ಅದು ಸುಳ್ಳು, ಮತ್ತು ಮಗುವನ್ನು ಕೊಕ್ಕೆ ಮಾಡಿ ತಾಯಿಯನ್ನು ಎಳೆಯುವುದು ನನ್ನ ಜಾಯಮಾನ ಅಲ್ಲ. ಪಕ್ಕದ ಹಾಸಿಗೆಯವರು ಕೇಳಿದರೆ ನಮ್ಮದು ಹೇಳುವುದು ಇಷ್ಟು: "ಅಮ್ಮ ನಿದ್ದೆ ಮಾಡೋಕೆ ಹೋಗಿದ್ದಾಳೆ. ತುಂಬಾ ಬಾಕಿ ಇತ್ತು. ಮುಗಿದ ಮೇಲೆ ಬರ್ತಾಳೆ." ಬೇರೆ ಮಕ್ಕಳ ಅಮ್ಮಂದಿರು ಮಾರ್ಕೆಟ್ಟಿಗೆ ಹೋಗಿ ಬರುವ ಹಾಗೆ.

ಈಗ ಆ ಮಧ್ಯಾಹ್ನದ ವಿಷಯ. ನಿನಗೆ ಅದು ನೆನಪಿಲ್ಲ ಅಂದೆಯಂತೆ. ನೆನಪಿರಲು ನೀನು ಎಚ್ಚರವೇ ಇರಲಿಲ್ಲವಲ್ಲ. ನಡೆದದ್ದನ್ನು ನಾನು ಮಗುವಿನಿಂದಲೇ ತಿಳಿದುಕೊಂಡೆ. ಊಟ ಆಗಿ ಎಲ್ಲರೂ ತೂಕಡಿಸುವ ಹೊತ್ತು. ಮಗುವಿನ ಪಂಪು ಕೂಗಿತು. ನೀನು ಆ ಕುಂಟು ಕುರ್ಚಿಯಲ್ಲಿ ಕೂತು, ಹಾಸಿಗೆಯ ಅಂಚಿಗೆ ತಲೆ ಕೊಟ್ಟು ಮಲಗಿದ್ದೆ. ನಿನ್ನ ಕೈ ತಾನಾಗಿ ಎದ್ದು ಹೋಗಿ ಸದ್ದು ನಿಲ್ಲಿಸುವ ಗುಂಡಿ ಒತ್ತಿತು. ಆ ಯಂತ್ರದ ಸ್ವಭಾವ ನಿನಗೆ ಗೊತ್ತೇ ಇದೆ, ಎರಡು ನಿಮಿಷ ಸುಮ್ಮನಿದ್ದು ಮತ್ತೆ ಕೂಗುತ್ತದೆ. ಮತ್ತೆ ಕೂಗಿತು, ಮತ್ತೆ ನಿನ್ನ ಕೈ ಹೋಯಿತು. ಹೀಗೆ ಬಹಳ ಹೊತ್ತು. ಔಷಧಿ ಹರಿಯದೆ ಲೈನಿನಲ್ಲಿ ರಕ್ತ ಹೆಪ್ಪುಗಟ್ಟಿತು, ಬಿಡಿಸಲು ಆಗಲಿಲ್ಲ, ಹೊಸದನ್ನು ಹಾಕಬೇಕಾಯಿತು, ಮುಂದಿನ ಔಷಧಿ ಒಂದು ವಾರ ತಡವಾಯಿತು. ನಡೆದದ್ದು ಇಷ್ಟು. ಚಿಕ್ಕದು ಅಂತ ನಾನು ಹೇಳುವುದಿಲ್ಲ.

ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ಜೀರುಂಡೆ ಆಗ ಎಚ್ಚರವಾಗಿತ್ತು. ಎಲ್ಲವನ್ನೂ ನೋಡುತ್ತಿತ್ತು. "ಅಮ್ಮ ಕಣ್ಣು ಮುಚ್ಚಿಕೊಂಡೇ ಗುಂಡಿ ಒತ್ತುತ್ತಾಳೆ ಅಜ್ಜಿ, ಒಂದು ಸಲಾನೂ ತಪ್ಪಲ್ಲ" ಅಂತ ನನ್ನ ಹತ್ತಿರ ಜಂಬ ಕೊಚ್ಚಿಕೊಂಡಿತು. ಯಾಕೆ ಅಮ್ಮನನ್ನು ಎಬ್ಬಿಸಲಿಲ್ಲ ಅಂತ ಕೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೇಳಿತು: "ಪಾಪ, ಈಗ ತಾನೇ ಮಲಗಿದ್ದಳು." ಸೊಸೆಯೇ, ಇದನ್ನು ನಿನ್ನ ಕಣ್ಣಲ್ಲಿ ನೀರು ತರಿಸಲು ಬರೆಯಲಿಲ್ಲ. ಸಿಟ್ಟು ತರಿಸಲು ಬರೆದೆ. ಕ್ಯಾನ್ಸರ್ ಬಂದ ಆರು ವರ್ಷದ ಮಗು, ಕೈಗೆ ಸೂಜಿ ಚುಚ್ಚಿಸಿಕೊಂಡು, ತನ್ನ ತಾಯಿಯ ನಿದ್ದೆಗೆ ಕಾವಲು ಕೂತಿತ್ತು. ಈ ವಾರ್ಡಿನಲ್ಲಿ ಸಿಬ್ಬಂದಿಯ ಕೊರತೆಯನ್ನು ತುಂಬಿಸಿದ್ದು ಹೀಗೆ. ಮೊದಲು ನರ್ಸಿನ ಕೆಲಸ ತಾಯಿಗೆ ಬಂತು, ಆಮೇಲೆ ತಾಯಿಯ ಕೆಲಸ ಮಗುವಿಗೆ ಬಂತು. ಮಗುವಿನ ಕೆಳಗೆ ಇನ್ನು ಯಾರೂ ಇಲ್ಲ, ಅದಕ್ಕೇ ಅಲ್ಲಿಗೆ ನಿಂತಿತು.

ನೀನು ಹೋದ ದಿನವೇ ನಾನು ಬಂದೆನಲ್ಲ, ಬಂದ ಗಳಿಗೆಯಲ್ಲೇ ಜಡೆ ಸಿಸ್ಟರ್, ಅದೇ ಉದ್ದ ಜಡೆಯ ನರ್ಸ್, ನನಗೆ ಆ ಗುಂಡಿ ತೋರಿಸಿದಳು. "ಕೂಗಿದ್ರೆ ಇದನ್ನ ಒತ್ತಿ ಅಜ್ಜಿ, ಆಮೇಲೆ ನನ್ನ ಕರೀರಿ." ಒಳ್ಳೆಯ ಹುಡುಗಿ, ಮಕ್ಕಳಿಗೆ ಸೂಜಿ ಚುಚ್ಚುವಾಗ ತಾನೇ ತುಟಿ ಕಚ್ಚಿಕೊಳ್ಳುತ್ತಾಳೆ. ಆದರೂ ಕೇಳಿದೆ, ಮೊದಲು ನಿನ್ನನ್ನು ಕರೆದು ಆಮೇಲೆ ಒತ್ತಿದರೆ ಆಗುವುದಿಲ್ಲವೇ ಅಂತ. ಅವಳು ನಕ್ಕಳು. "ನಾನು ಬರೋಷ್ಟರಲ್ಲಿ ಪಕ್ಕದ್ದೂ ಕೂಗುತ್ತೆ, ಅದರ ಪಕ್ಕದ್ದೂ ಕೂಗುತ್ತೆ." ಆಗಲೇ ನನ್ನ ಹಳೆಯ ಮೂಗಿಗೆ ವಾಸನೆ ಬಡಿಯಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಕೂತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಮುಂದೆ ಹತ್ತುವ ದೀಪಕ್ಕೆಲ್ಲ ಉತ್ತರ ಕೊಟ್ಟವಳು ನಾನು. ಇಬ್ಬರು ನೋಡುವ ಬೋರ್ಡನ್ನು ಒಬ್ಬಳಿಗೆ ಕೊಟ್ಟರು. ರಾಂಗ್ ನಂಬರ್ ಹೋಗತೊಡಗಿತು. ಹೋದದ್ದಕ್ಕೆ ನಮ್ಮ ಹೆಸರನ್ನು ಗೋಡೆಗೆ ಬರೆದು ಹಾಕಿದರು, ಬೋರ್ಡು ಕೊಟ್ಟವರ ಹೆಸರನ್ನು ಯಾರೂ ಬರೆಯಲಿಲ್ಲ. ಮನೆಗೆ ಬಂದು ಮಲಗಿದರೂ ಕಿವಿಯಲ್ಲಿ ಅದೇ ಗುಂಯ್‌ಗುಡುವಿಕೆ. ನಿದ್ದೆಯಲ್ಲಿ "ನಂಬರ್ ಪ್ಲೀಸ್" ಅನ್ನುತ್ತಿದ್ದೆನಂತೆ. ನಿನ್ನ ಮಾವ ಇದ್ದಾಗ ಮಗ್ಗುಲಿಗೆ ಹೊರಳಿ "ರಾಂಗ್ ನಂಬರ್, ಮಲಕ್ಕೋ" ಅನ್ನುತ್ತಿದ್ದರು. ನಾವು ಹೆಂಗಸರು ಸಂಘ ಕಟ್ಟಿ, ಹೆಡ್‌ಫೋನು ಕಳಚಿಟ್ಟು, ಬೋರ್ಡಿನ ಮುಂದೆ ಕೈಕಟ್ಟಿ ಕೂತೆವು. ಮಲಗುವ ಕೋಣೆ ಸಿಕ್ಕಿತು, ಬೋರ್ಡಿಗೆ ಇಬ್ಬರೂ ಸಿಕ್ಕರು. ಹಾಗಾಗಿ ಮಗಳೇ, ನಿದ್ದೆಯಲ್ಲಿ ಕೆಲಸ ಮಾಡುವ ಕೈಯನ್ನು ನನಗೆ ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ಆ ಕೈ ಬೇಜವಾಬ್ದಾರಿಯದ್ದಲ್ಲ. ಒಡತಿ ಕುಸಿದು ಬಿದ್ದಮೇಲೂ ಡ್ಯೂಟಿ ಬಿಡದ ಕೈ ಅದು.

ಇನ್ನು ಈ ವಾರ್ಡಿನ ಸುಸ್ತು ಎಂಥದ್ದು ಅಂತ ನಿನಗೆ ಹೇಳುವುದು ಬೇಕಿಲ್ಲ, ನೀನು ಅದರಲ್ಲಿ ಮುಳುಗಿ ಎದ್ದವಳು. ಆದರೆ ಹೊರಗಿನಿಂದ ಬಂದ ನನ್ನ ಕಣ್ಣಿಗೆ ಕಂಡದ್ದು ಕೇಳು. ಲಾರಿಯವನು, ಅದೇ ಮೀಸೆಯವನು, ಮಗನಿಗೆ ಹಾಲು ತರಲು ಕೆಳಗೆ ಹೋಗಿ ಗೇಟಿನ ಹತ್ತಿರ ನಿಂತು, ಯಾಕೆ ಬಂದೆ ಅನ್ನುವುದೇ ಮರೆತು ಬರಿಗೈಲಿ ವಾಪಸು ಬಂದ, ಒಂದೇ ಬೆಳಿಗ್ಗೆ ಎರಡು ಸಲ. ಇನ್ನೊಂದು ಹಾಸಿಗೆಯ ಮಗುವಿನ ತಾಯಿ, ಆ ಟೈಲರಮ್ಮ, ಡಾಕ್ಟರಮ್ಮ ಹೇಳಿದ್ದಕ್ಕೆಲ್ಲ ತಲೆ ಆಡಿಸಿ, ಅವರು ಅತ್ತ ಹೋದ ಕೂಡಲೇ "ಅಜ್ಜಿ, ಅವರು ಏನಂದ್ರು?" ಅಂತ ನನ್ನನ್ನು ಕೇಳುತ್ತಾಳೆ. ನನ್ನ ಮಗ, ಅಂದರೆ ನಿನ್ನ ಗಂಡ, ಪ್ರೆಸ್ಸಿನ ಕೆಲಸ ಮುಗಿಸಿ ಬಂದು ಲಿಫ್ಟು ಹತ್ತಿದವನು ಮಹಡಿಯ ಗುಂಡಿ ಒತ್ತುವುದನ್ನೇ ಮರೆತು ಒಳಗೆ ನಿಂತಲ್ಲೇ ತೂಕಡಿಸಿದ್ದಾನೆ. ಯಾರೋ ಹತ್ತಿದರೆ ಮೇಲೆ ಹೋದ, ಯಾರೋ ಇಳಿದರೆ ಕೆಳಗೆ ಬಂದ. ಕಸ ಗುಡಿಸುವ ಹೆಂಗಸು ಭುಜ ತಟ್ಟಿ "ಇಳೀತೀರೋ ಇಲ್ಲೇ ಬಾಡಿಗೆ ಇದ್ದೀರೋ" ಅಂದಳಂತೆ. ಮಗುವಿನ ಮೇಲೆ ಪ್ರೀತಿ ಇದ್ದರೆ ದಣಿವು ತಿಳಿಯುವುದಿಲ್ಲ ಅಂತ ಬಂದು ನೋಡಿ ಹೋಗುವ ನೆಂಟರು ಹೇಳುತ್ತಾರಲ್ಲ, ಅವರು ಒಂದು ವಾರ ಈ ಕುರ್ಚಿಯಲ್ಲಿ ಕೂತು ನೋಡಲಿ. ಪ್ರೀತಿ ಎಷ್ಟಿದೆಯೋ ದಣಿವೂ ಅಷ್ಟೇ ಇರುತ್ತದೆ. ಪ್ರೀತಿ ಇಲ್ಲದವನು ಮನೆಗೆ ಹೋಗಿ ಮಲಗುತ್ತಾನೆ.

ಹೋದ ಶುಕ್ರವಾರ ನಾನು ಎಲ್ಲರನ್ನೂ ವರಾಂಡದ ಕೊನೆಗೆ, ನೀರಿನ ಫಿಲ್ಟರ್ ಹತ್ತಿರ ಕರೆದೆ. ಮಕ್ಕಳು ಮಲಗಿದ್ದರು, ಜಡೆ ಸಿಸ್ಟರಿಗೆ ಹೇಳಿಯೇ ಹೋಗಿದ್ದೆವು. ಭಾಷಣ ಮಾಡಲಿಲ್ಲ, ನೀನು ಹೆದರಬೇಡ. ಒಂದೇ ಪ್ರಶ್ನೆ ಕೇಳಿದೆ. ನಿದ್ದೆಗಣ್ಣಲ್ಲಿ ಆ ಗುಂಡಿ ಒತ್ತಿದವರು ನಿಮ್ಮಲ್ಲಿ ಯಾರಿದ್ದೀರಿ, ಕೈ ಎತ್ತಿ. ಮೊದಲು ಲಾರಿಯವನ ಕೈ ಮೇಲಕ್ಕೆ ಬಂತು. "ಎಷ್ಟು ಸಲ ಅಂತ ಹೇಳೋಕಾಗಲ್ಲ ಅಜ್ಜಿ. ರೋಡಲ್ಲಿ ಕಣ್ಣು ಎಳೆದ್ರೆ ಗಾಡಿ ಸೈಡಿಗೆ ಹಾಕ್ತೀನಿ. ಇಲ್ಲಿ ಸೈಡೇ ಇಲ್ವಲ್ಲ." ಅವನ ಮಾತು ಮುಗಿಯುವ ಮೊದಲೇ ಇನ್ನೊಂದು ಕೈ, ಮತ್ತೊಂದು ಕೈ. ಕೊನೆಗೆ ಟೈಲರಮ್ಮ. ಆಸ್ಪತ್ರೆಯ ಮೇಲ್ವಿಚಾರಕ ನಿನ್ನನ್ನು ಎಲ್ಲರೆದುರು ಬೈದ ದಿನ ಲೊಚಗುಟ್ಟಿ "ಸ್ವಲ್ಪ ನೋಡ್ಕೋಬಾರ್ದಿತ್ತಾ" ಅಂದವಳು ಇವಳೇ ತಾನೇ? ಅವಳೂ ಕೈ ಎತ್ತಿದಳು, ಎತ್ತಿ ಇಳಿಸಲಿಲ್ಲ. "ಆ ದಿನ ಹೆಪ್ಪುಗಟ್ಟಿದ್ದು ನನ್ನ ಮಗುವಿನ ಲೈನೇ ಅಂತ ಹೆದರಿಕೊಂಡಿದ್ದೆ, ಅವಳ ಮಗುವಿನದ್ದು ಅಂತ ಗೊತ್ತಾದಾಗ ಉಸಿರು ಬಂತು, ಅದಕ್ಕೇ ಬಾಯಿ ಬಂತು" ಅಂದಳು. ನೋಡಿದೆಯಾ? ಒತ್ತದವರು ಒಬ್ಬರೂ ಇಲ್ಲ. ಉಳಿದವರ ಲೈನು ಹೆಪ್ಪುಗಟ್ಟಲಿಲ್ಲ, ಅಷ್ಟೇ ವ್ಯತ್ಯಾಸ. ಹೀಗೆ ಒಂದು ಇಡೀ ವಾರ್ಡು ಮಾಡಿದ್ದನ್ನು ನೀನೊಬ್ಬಳೇ ತಲೆಯ ಮೇಲೆ ಹೊತ್ತುಕೊಂಡು ಅಣ್ಣನ ಮನೆಗೆ ಹೋಗಿದ್ದೀಯ. ಯಾರು ಕೊಟ್ಟರು ನಿನಗೆ ಆ ಹಕ್ಕು? ನಮ್ಮ ಪಾಲನ್ನು ವಾಪಸು ಕೊಡು.

ಅಲ್ಲೇ ತೀರ್ಮಾನ ಆಯಿತು. ಇನ್ನು ಯಾವ ಅಪ್ಪನೂ ಯಾವ ಅಮ್ಮನೂ ಆ ಗುಂಡಿ ಮುಟ್ಟುವುದಿಲ್ಲ. ಪಂಪು ಕೂಗಿದರೆ ಎದ್ದು ನಿಂತು ನರ್ಸನ್ನು ಕರೆಯುವುದು. ನರ್ಸ್ ಬೇರೆ ಮಗುವಿನ ಹತ್ತಿರ ಇದ್ದರೆ ಇಬ್ಬರು ಕೆಳಗೆ ಹೋಗಿ ಮೇಲ್ವಿಚಾರಕರ ಬಾಗಿಲಲ್ಲಿ ನಿಂತು ಅವರನ್ನು ಕರೆಯುವುದು. ಮಕ್ಕಳ ಔಷಧಿ ಒಂದು ಹನಿಯೂ ತಪ್ಪಬಾರದು, ಅದಕ್ಕಾಗಿ ಯಾವ ಕೂಗಿಗೆ ತಕ್ಷಣ ಬರಬೇಕು, ಯಾವುದಕ್ಕೆ ಸ್ವಲ್ಪ ಕಾಯಬಹುದು ಅಂತ ಜಡೆ ಸಿಸ್ಟರನ್ನೇ ಕೇಳಿಕೊಂಡೆವು. ಅವಳಿಗೆ ಮೊದಲು ಕೋಪವೇ ಬಂತು. "ನೀವೆಲ್ಲ ಕೈ ಬಿಟ್ರೆ ನಾನು ಸತ್ತೇ ಹೋಗ್ತೀನಿ ಅಜ್ಜಿ." ಸಾಯಬೇಡ, ಒಬ್ಬಳಿಂದ ಆಗುವುದಿಲ್ಲ ಅಂತ ಮೇಲಿನವರಿಗೆ ಹೇಳು ಅಂದೆ. "ಹೇಳಿದ್ರೆ ಬೇರೆ ಮಹಡಿಗೆ ಎತ್ತಿ ಹಾಕ್ತಾರೆ." ಹಾಕಲಿ, ಅಪ್ಪ ಅಮ್ಮ ಮಕ್ಕಳು ಪಂಪು ಎಲ್ಲ ಸಮೇತ ನಾವೂ ಆ ಮಹಡಿಗೇ ಬರುತ್ತೇವೆ ಅಂದೆ. ನಗು ತಡೆಯಲಾರದೆ ಸಿರಿಂಜಿನ ಟ್ರೇ ಕೆಳಗಿಟ್ಟಳು.

ಶನಿವಾರ ಬೆಳಿಗ್ಗೆ ಶುರುವಾಯಿತು. ನಾನು ಎಷ್ಟೋ ಮುಷ್ಕರ ನೋಡಿದ್ದೇನೆ, ಕೂಗುವ ಕೆಲಸವನ್ನು ಯಂತ್ರವೇ ಮಾಡಿದ ಮುಷ್ಕರ ಇದೇ ಮೊದಲು. ಒಂದು ಕೂಗಿತು, ಅದರ ಹಿಂದೆ ಇನ್ನೊಂದು, ಮಧ್ಯಾಹ್ನದ ಹೊತ್ತಿಗೆ ವಾರ್ಡು ಬಸ್‌ಸ್ಟ್ಯಾಂಡಿನಂತೆ ಆಯಿತು. ಅಲ್ಲಿಯವರೆಗೆ ಈ ಸದ್ದೆಲ್ಲ ಎಲ್ಲಿ ಹೋಗುತ್ತಿತ್ತು ಹೇಳು? ನಿಮ್ಮ ಕೈಗಳೊಳಗೆ ಹೋಗುತ್ತಿತ್ತು. ನೀವು ಅದನ್ನು ಅದುಮಿ ಅದುಮಿ ಕೆಳಗಿನ ಮಹಡಿಯವರಿಗೆ ನೆಮ್ಮದಿ ಕೊಟ್ಟಿದ್ದಿರಿ. ಪ್ರತಿಯೊಂದು ಕೂಗಿಗೂ ಒಬ್ಬ ಅಪ್ಪ ಅಥವಾ ಅಮ್ಮ ಎದ್ದು ನಿಂತು ಗಟ್ಟಿಯಾಗಿ ಹೇಳುವುದು: "ಸಿಸ್ಟರ್, ಇಲ್ಲಿ ಕೂಗ್ತಿದೆ." ಬೈಗುಳ ಇಲ್ಲ, ಘೋಷಣೆ ಇಲ್ಲ. ಮಕ್ಕಳಿಗೆ ಆಟವೇ ಆಗಿಹೋಯಿತು, ನಮ್ಮ ಜೀರುಂಡೆ ಎಲ್ಲರ ಪರವಾಗಿ ಕೂಗಲು ತಯಾರು. ಮೇಲ್ವಿಚಾರಕರ ಕೋಣೆಯಲ್ಲಿ ಯಾರೋ ಅತಿಥಿಗಳು ಕಾಫಿ ಕುಡಿಯುತ್ತಿದ್ದರಂತೆ. ಲಾರಿಯವನೂ ಟೈಲರಮ್ಮನೂ ಬಾಗಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ "ಸಾರ್, ಮೂರನೇ ಮಹಡೀಲಿ ಕೂಗ್ತಿದೆ, ಬರಬೇಕಂತೆ" ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ ಇಬ್ಬರು ಹೋದರು. ಮತ್ತೆ ಇಬ್ಬರು. ಅತಿಥಿಗಳಲ್ಲೊಬ್ಬರು, ನಾವೂ ಹೋಗಿ ನೋಡೋಣ ನಡೆಯಿರಿ ಅಂದರಂತೆ. ಅಲ್ಲಿಗೆ ಆ ಮನುಷ್ಯನ ಕಾಫಿ ಕಹಿಯಾಯಿತು. ಸಂಜೆಯೊಳಗೆ ಬೇರೆ ಮಹಡಿಯಿಂದ ಇನ್ನೊಬ್ಬ ನರ್ಸ್ ಬಂದಳು.

ಭಾನುವಾರ ವಿಶ್ರಾಂತಿ ಕೋಣೆ. ಬೀಗದ ಕೈ ಕೇಳಿದೆವು, ಹುಡುಕುತ್ತಿದ್ದೇವೆ ಅಂದರು. ಜಡೆ ಸಿಸ್ಟರ್ ಬಂದು ಬಾಗಿಲು ತಳ್ಳಿ ತೋರಿಸಿದಳು, ಬೀಗವೇ ಇರಲಿಲ್ಲ. ಇಷ್ಟು ದಿನ ಯಾರೂ ತಳ್ಳಿ ನೋಡಿರಲಿಲ್ಲ. ತಳ್ಳುವಷ್ಟು ತ್ರಾಣ ಯಾರಲ್ಲೂ ಉಳಿದಿರಲಿಲ್ಲ ಅನ್ನು. ಲಾರಿಯವನು ಮಾಲು ಇಳಿಸುವ ಠೀವಿಯಲ್ಲಿ ನಿಂತು ಮುರಿದ ಮಂಚಗಳನ್ನೆಲ್ಲ ಹೊರಗೆ ಸಾಗಿಸಿದ. ಅವುಗಳಲ್ಲೇ ಎರಡನ್ನು ನಿನ್ನ ಗಂಡ ಸ್ಪ್ಯಾನರ್ ತಂದು ಗಟ್ಟಿ ಮಾಡಿದ. ಟೈಲರಮ್ಮ ಮನೆಯಿಂದ ದಪ್ಪ ಪರದೆ ಹೊಲಿದು ತಂದಳು. ಮೊದಲು ಮಲಗಿದವಳೂ ಅವಳೇ. ಅವಳ ಮಗುವನ್ನು ನಾನು ನೋಡಿಕೊಂಡೆ. ಅವಳ ಗೊರಕೆ ವರಾಂಡದ ತುದಿಗೂ ಕೇಳಿಸಿತು. ಲಾರಿಯವನು ಹೊರಗೆ ನಿಂತು ಕೇಳಿ "ಇಂಜಿನ್ ಕಂಡೀಷನ್ ಚೆನ್ನಾಗಿದೆ" ಅಂತ ಸರ್ಟಿಫಿಕೇಟು ಕೊಟ್ಟ. ಎದ್ದು ಬಂದವಳ ಮುಖ ನೋಡಬೇಕಿತ್ತು ನೀನು. ತನ್ನ ಮಗುವನ್ನು ಎತ್ತಿಕೊಂಡು, ಮೊದಲನೇ ಸಲ ನೋಡುತ್ತಿರುವವಳ ಹಾಗೆ ನೋಡಿದಳು. ಔಷಧಿಯ ಹೊತ್ತು, ಜ್ವರದ ಅಂಕಿ, ವಾಂತಿಯ ಬೋಗುಣಿ, ಇವುಗಳ ನಡುವೆ ಅವಳಿಗೆ ಮಗುವಿನ ಮುಖ ನೋಡಲು ಪುರುಸೊತ್ತೇ ಸಿಕ್ಕಿರಲಿಲ್ಲ.

ನಿನ್ನ ಗಂಡನ ವಿಷಯ ಹೇಳಬೇಕು. ಆ ದಿನ ಮೇಲ್ವಿಚಾರಕ ಎಲ್ಲರ ಮುಂದೆ "ತಾಯಿಯೇ ಹೀಗೆ ಮಾಡಿದ್ರೆ ನಾವೇನು ಮಾಡೋದು" ಅಂದಾಗ ನಿನ್ನ ಗಂಡ ಪಕ್ಕದಲ್ಲೇ ನಿಂತು ಬಾಯಿ ಬಿಡಲಿಲ್ಲವಂತೆ. ನಾನು ಹೆತ್ತವಳು, ನನಗೆ ಬೈಯುವ ಅಧಿಕಾರ ಇದೆ, ಚೆನ್ನಾಗಿಯೇ ಬೈದಿದ್ದೇನೆ. ನಿನಗೂ ಉಳಿಸಿದ್ದೇನೆ, ಬಂದು ಬೈಯಿ. ಅವನು ತನ್ನ ಸಮರ್ಥನೆಗೆ ಒಂದೇ ಮಾತು ಹೇಳಿದ: "ಅವರು ಏನು ಹೇಳ್ತಿದ್ದಾರೆ ಅಂತ ಅರ್ಥ ಆಗೋಷ್ಟರಲ್ಲಿ ಅವರು ಹೊರಟು ಹೋಗಿದ್ರಮ್ಮ. ತಲೆ ಓಡಲೇ ಇಲ್ಲ." ಇದನ್ನು ನಾನು ನಂಬುತ್ತೇನೆ. ಲಿಫ್ಟಿನಲ್ಲಿ ಬಾಡಿಗೆ ಇದ್ದವನಲ್ಲವೇ. ಈಗ ಅವನೂ ಸರದಿಯಂತೆ ಆ ಕೋಣೆಯಲ್ಲಿ ಮಲಗುತ್ತಾನೆ, ತಲೆ ಸ್ವಲ್ಪ ಓಡುತ್ತಿದೆ.

ನಿನ್ನಿಂದ ಒಂದು ವಿಷಯ ಮುಚ್ಚಿಡುವುದಿಲ್ಲ. ಹೆದರಿಕೆ ನನಗೂ ಇದೆ. ಮಗುವಿನ ಮೈಯಲ್ಲಿರುವುದು ನಮ್ಮ ಮಾತು ಕೇಳುವುದಿಲ್ಲ, ಅದರ ಎದುರು ಮುಷ್ಕರ ಹೂಡಲು ಬರುವುದಿಲ್ಲ. ಕುರ್ಚಿಗಾಗಿ ಹೂಡಬಹುದು, ನಿದ್ದೆಗಾಗಿ ಹೂಡಬಹುದು. ಡಾಕ್ಟರಮ್ಮ ಹೇಳುವ ಪ್ರಕಾರ ಔಷಧಿ ಕೆಲಸ ಮಾಡುತ್ತಿದೆ, ಆದರೆ ದಾರಿ ಇನ್ನೂ ಉದ್ದ ಇದೆ. ಅಷ್ಟು ಉದ್ದದ ದಾರಿಗೆ ನೀನು ಬೇಕು, ಒಂದೇ ತಿಂಗಳಲ್ಲಿ ಉರಿದು ಮುಗಿದವಳಲ್ಲ, ಉಂಡು ಮಲಗಿ ಎದ್ದವಳು. ಇದು ಪಾಳಿಯ ಕೆಲಸ ಅಂತ ತಿಳಿದುಕೋ. ನೀನು ಸ್ವಲ್ಪ, ನಿನ್ನ ಗಂಡ ಸ್ವಲ್ಪ, ನಾನು ಸ್ವಲ್ಪ. ನಿನ್ನ ಪಾಳಿ ಮುಗಿದಮೇಲೆ ನೀನು ಹಾಸಿಗೆಯ ಪಕ್ಕ ಕೂತರೆ ನಾನೇ ಎಬ್ಬಿಸಿ ಓಡಿಸುತ್ತೇನೆ. ತಾಯಿ ಅನ್ನುವ ಸಲಿಗೆಯೆಲ್ಲ ನನ್ನ ಹತ್ತಿರ ನಡೆಯುವುದಿಲ್ಲ.

ಇನ್ನು ಉಳಿದದ್ದು ಮೇಲ್ವಿಚಾರಕನ ಆಟ. ಎರಡನೆಯ ನರ್ಸ್ ಇರುವುದು ಬರುವ ಸೋಮವಾರದವರೆಗೆ ಮಾತ್ರ ಅಂತೆ. ಆಮೇಲೆ ಕೋಣೆಯನ್ನೂ ವಾಪಸು ತೆಗೆದುಕೊಳ್ಳುತ್ತಾರಂತೆ. ಯಾಕೆ ಅಂದರೆ, ವಾರ್ಡಿನ ವ್ಯವಸ್ಥೆಯಲ್ಲಿ ದೋಷ ಏನೂ ಇಲ್ಲ, ಒಬ್ಬ ತಾಯಿಗೆ ನಿಭಾಯಿಸಲು ಬರಲಿಲ್ಲ ಅಷ್ಟೆ. "ನಿಮ್ಮ ಸೊಸೆ ಒಬ್ಬರ ತಪ್ಪಿಗೆ ಇಷ್ಟೊಂದು ಗಲಾಟೆ ಯಾಕಮ್ಮಾ" ಅಂತ ನನ್ನನ್ನೇ ಕೇಳಿದ. ನಿನ್ನ ಬೆನ್ನಿನ ಮೇಲೆ ಇಡೀ ಆಸ್ಪತ್ರೆಯನ್ನು ನಿಲ್ಲಿಸಿಕೊಂಡಿದ್ದಾನೆ ಆ ಮನುಷ್ಯ. ನೀನು ಅಣ್ಣನ ಮನೆಯಲ್ಲಿ ತಲೆ ತಗ್ಗಿಸಿ ಕೂತಿರುವಷ್ಟು ದಿನ ಅವನಿಗೆ ಅನುಕೂಲ. ನೀನು ನೆಟ್ಟಗೆ ನಿಂತರೆ ಅವನು ಬೀಳುತ್ತಾನೆ. ಪೋಷಕರ ಜೊತೆ ಕೂತು ಮಾತಾಡಲು ಒಪ್ಪಿದ್ದಾನೆ, ದಿನ ಇನ್ನೂ ಹೇಳಿಲ್ಲ. ನಾವು ಕೇಳುವುದು ಇಷ್ಟು: ಎರಡನೆಯ ನರ್ಸ್ ಕಾಯಂ ಆಗಬೇಕು, ಕೋಣೆ ನಮಗೆ ಉಳಿಯಬೇಕು, ನಿನ್ನ ಮೇಲೆ ಹೊರಿಸಿದ ಮಾತನ್ನು ಅವನು ಎಲ್ಲರ ಮುಂದೆಯೇ ವಾಪಸು ತೆಗೆದುಕೊಳ್ಳಬೇಕು. ಕೊನೆಯದನ್ನು ಸೇರಿಸಿದ್ದು ನಾನಲ್ಲ, ಟೈಲರಮ್ಮ.

ಕೈ ನೋಯುತ್ತಿದೆ, ಜೀರುಂಡೆ ಎದ್ದಿದೆ. ಯಾರಿಗೆ ಬರೀತಿದ್ದೀಯ ಅಂತ ಕೇಳಿತು, ಅಮ್ಮನಿಗೆ ಅಂದೆ. "ನಿದ್ದೆ ಮುಗೀತಾ ಅಂತ ಕೇಳು" ಅಂದಿತು. ಕೇಳಿದ್ದೇನೆ. ನಿನ್ನ ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ. ನಿನಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ, ಗಂಟಲು ತುಂಬ ದನಿ ಸಿಗಲಿ ಅಂತ ಹರಸುತ್ತೇನೆ. ಈ ಕಾಗದವನ್ನು ಲಾರಿಯವನ ಗೆಳೆಯನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನ ಗಾಡಿ ಆ ಕಡೆಯೇ ಹೋಗುತ್ತದೆ, ನಾಳೆ ನಿನಗೆ ಸಿಗುತ್ತದೆ.

ಇಂತಿ,
ನಿನ್ನ ಅತ್ತೆ
(ನಿನ್ನ ಕಡೆಯವಳು)

ಮರೆತು ಹೋಗುವ ಮೊದಲು: ಲಕೋಟೆ ಅಂಟಿಸುವಷ್ಟರಲ್ಲಿ ಜಡೆ ಸಿಸ್ಟರ್ ಓಡಿ ಬಂದಳು. ಸಭೆಯ ದಿನ ಗೊತ್ತಾಗಿದೆ, ಜೊತೆಗೆ ಹೊಸ ನಿಯಮವೂ ಬಂದಿದೆ. ಸಭೆಗೆ ಒಂದು ಹಾಸಿಗೆಯ ಕಡೆಯಿಂದ ಒಬ್ಬರು, ಅದೂ ತಾಯಿ ಅಥವಾ ತಂದೆ ಮಾತ್ರ, ಅಜ್ಜಿ ತಾತಂದಿರಿಗೆ ಒಳಗೆ ಪ್ರವೇಶ ಇಲ್ಲ. ಈ ವಾರ್ಡಿನಲ್ಲಿ ಅಜ್ಜಿ ಅಂತ ಇರುವವಳು ನಾನೊಬ್ಬಳೇ, ನನಗೋಸ್ಕರವೇ ಒಂದು ಕಾನೂನು ಮಾಡಿದ್ದಾರೆ, ಈ ವಯಸ್ಸಿನಲ್ಲಿ ಇಷ್ಟು ಮರ್ಯಾದೆ ಸಿಗುತ್ತದೆ ಅಂದುಕೊಂಡಿರಲಿಲ್ಲ. "ನೀನು ಹೋಗು" ಅಂತ ನಿನ್ನ ಗಂಡನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಆ ಜಾಗ ಅವಳದು. ಬರಲಿಲ್ಲ ಅಂದ್ರೆ ಖಾಲಿ ಇರಲಿ, ನಾನು ಮಗುವಿನ ಹತ್ತಿರ ಇರ್ತೀನಿ" ಅಂದ. ಲಾರಿಯವನೂ ಟೈಲರಮ್ಮನೂ ಅದನ್ನೇ ಹೇಳಿದರು. ಆದ್ದರಿಂದ ನಾನು ಒಳಗೆ ಹೋಗುವ ಹಾಗಿಲ್ಲ, ನೀನು ಹೋಗಬೇಕು. ಉದ್ದ ಮಾತು ಏನೂ ಬೇಡ. "ನಾನು ನಿದ್ದೆಯಲ್ಲಿ ಒತ್ತಿದೆ, ಯಾಕೆಂದರೆ ಒತ್ತಬೇಕಾದವರು ಅಲ್ಲಿರಲಿಲ್ಲ" ಅಂತ ಹೇಳು, ಉಳಿದದ್ದನ್ನು ವಾರ್ಡು ಹೇಳುತ್ತದೆ. ನೆಲಮಹಡಿ, ಮೇಲ್ವಿಚಾರಕರ ಕೋಣೆ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ.